ಎರಡು ಕಡೆ ಸೀಟು ಸಿಕ್ಕಿದೆ, ಎಲ್ಲಿಗೆ ಸೇರೋದು?

ಬೆಂಗಳೂರಿನ ವಿಜಯನಗರದಲ್ಲಿ, ಪದವಿ ಮುಗಿಸಿ ಸ್ನಾತಕೋತ್ತರ ಸೀಟು ಪಡೆದ ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಎದುರು ಆಡಿದ ಮಾತುಗಳ ಬರಹ ರೂಪ.

ಎಲ್ಲರಿಗೂ ನಮಸ್ಕಾರ. ಎಂ.ಎ., ಎಂ.ಎಸ್ಸಿ., ಎಂ.ಕಾಂ.ಗೆ ಅರ್ಜಿ ಹಾಕುವಾಗ ಯಾವುದಕ್ಕೂ ಇರಲಿ ಅಂತ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿಗೂ ಹಾಕಿದಿರಿ, ಮೈಸೂರಿಗೂ ಹಾಕಿದಿರಿ. ಕೆಲವರು ಮಂಗಳೂರು ವಿಶ್ವವಿದ್ಯಾಲಯದ ಕೊಣಾಜೆಗೆ, ಶಿವಮೊಗ್ಗದ ಕಡೆ ಕುವೆಂಪು ವಿಶ್ವವಿದ್ಯಾಲಯದ ಶಂಕರಘಟ್ಟಕ್ಕೂ ಹಾಕಿದಿರಿ. ಈಗ ಎರಡು ಮೂರು ಕಡೆ ಹೆಸರು ಬಂದಿದೆ. ಶುಲ್ಕ ಕಟ್ಟಲು ಕೆಲವೇ ದಿನ ಟೈಮ್ ಕೊಟ್ಟಿದ್ದಾರೆ. ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಮಾತು.

ನಾನು ಇದೇ ಊರಿನ ಪದವಿ ಕಾಲೇಜೊಂದರಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳು. ಪ್ರತಿ ವರ್ಷ ಈ ಹೊತ್ತಿಗೆ ಸ್ಟಾಫ್ ರೂಮಿನ ಬಾಗಿಲಲ್ಲಿ ಮಕ್ಕಳು ಬಂದು ನಿಲ್ಲುತ್ತಿದ್ದರು. "ಮ್ಯಾಮ್, ಬೆಂಗಳೂರಾ, ಮೈಸೂರಾ?" ಎಲ್ಲರದ್ದೂ ಅದೇ ಪ್ರಶ್ನೆ. ನನ್ನ ಉತ್ತರ ಯಾವಾಗಲೂ ಇನ್ನೊಂದು ಪ್ರಶ್ನೆಯಾಗಿತ್ತು: ಆ ವಿಭಾಗವನ್ನು ಹೋಗಿ ನೋಡಿದೆಯಾ? ಇವತ್ತು ನಿಮಗೂ ನಾನು ಕೇಳುವುದು ಅದನ್ನೇ. ನೀವು ಎರಡು ವರ್ಷ ಓದುವುದು ಇಡೀ ವಿಶ್ವವಿದ್ಯಾಲಯದಲ್ಲಿ ಅಲ್ವಲ್ಲ. ಒಂದು ಕಟ್ಟಡ, ಅದರಲ್ಲಿ ಐದಾರು ಜನ ಮೇಷ್ಟ್ರು, ಒಂದೋ ಎರಡೋ ಲ್ಯಾಬು, ಒಂದು ಗ್ರಂಥಾಲಯ. ಅಷ್ಟರಲ್ಲೇ ನಿಮ್ಮ ಎರಡು ವರ್ಷ ಕಳೆಯುತ್ತದೆ. ಹಾಗಾಗಿ ಆರಿಸಬೇಕಾದ್ದು ವಿಭಾಗವನ್ನು.

ಹೆಸರಿನ ವಿಷಯ ಮೊದಲು ಮುಗಿಸಿಬಿಡೋಣ. ಮನೆಯಲ್ಲಿ ಜಾಸ್ತಿ ಚರ್ಚೆಯಾಗುವುದು ಅದೇ. ಮೈಸೂರು ವಿಶ್ವವಿದ್ಯಾಲಯ ಶುರುವಾಗಿದ್ದು 1916ರ ಜುಲೈ 27ರಂದು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಆಗ ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಅದರಡಿಯೇ ಇತ್ತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಬೇರೆಯಾಯಿತು. 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ. ಆ ಕಡೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದ 1980ರಲ್ಲಿ ಗುಲ್ಬರ್ಗ ಹೊರಬಂತು. 2017ರಲ್ಲಿ ಬೆಂಗಳೂರೇ ಮೂರಾಯಿತು: ಜ್ಞಾನಭಾರತಿಯಲ್ಲಿ ಒಂದು, ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ನಗರ ವಿಶ್ವವಿದ್ಯಾಲಯ, ಕೋಲಾರದ ಟಮಕದಲ್ಲಿ ಉತ್ತರ ವಿಶ್ವವಿದ್ಯಾಲಯ. ಒಂದರ ಮೇಷ್ಟ್ರು ಇನ್ನೊಂದರಲ್ಲಿ ಓದಿದವರು, ಒಂದರ ಪರೀಕ್ಷಾ ಮಂಡಳಿಯಲ್ಲಿ ಇನ್ನೊಂದರವರು ಕೂತವರು. ಹೊರಗಿನಿಂದ ನೋಡಿದಷ್ಟು ಇವು ಬೇರೆ ಬೇರೆಯಲ್ಲ.

1928ರ ಮಾರ್ಚ್ 16ರಂದು ಸಿ.ವಿ. ರಾಮನ್ ತಮ್ಮ ಹೊಸ ಶೋಧದ ಬಗ್ಗೆ ಉಪನ್ಯಾಸ ಕೊಟ್ಟಿದ್ದು ಸೆಂಟ್ರಲ್ ಕಾಲೇಜಿನಲ್ಲಿ. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದಿದ್ದು ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯದಲ್ಲಿ. ಇದೆಲ್ಲ ಓದಿದರೆ ಈಗಲೂ ನನಗೆ ಮೈ ಜುಮ್ಮೆನ್ನುತ್ತದೆ. ಆದರೆ ನಿಮ್ಮ ಮೂರನೇ ಸೆಮಿಸ್ಟರಿನ ಪಾಠ ಯಾರು ಮಾಡುತ್ತಾರೆ ಅನ್ನುವುದು ಆ ಚರಿತ್ರೆಯಿಂದ ಗೊತ್ತಾಗುವುದಿಲ್ಲ.

ಕೆಲಸದ ದೃಷ್ಟಿಯಿಂದ ನೋಡಿದರೂ ಅಷ್ಟೇ. ಕಾಯ್ದೆಯ ಪ್ರಕಾರ ಸ್ಥಾಪನೆಯಾದ ಎಲ್ಲ ವಿಶ್ವವಿದ್ಯಾಲಯಗಳ ಪದವಿಗೂ ಸರ್ಕಾರದ ಎದುರು ಒಂದೇ ಬೆಲೆ. ಉಪನ್ಯಾಸಕರಾಗಬೇಕು ಅಂದರೆ ಸ್ನಾತಕೋತ್ತರದಲ್ಲಿ ಶೇಕಡಾ 55 ಅಂಕ ಬೇಕು, ಮೀಸಲಾತಿ ಇರುವವರಿಗೆ ಶೇಕಡಾ 50. ಜೊತೆಗೆ ನೆಟ್ ಅಥವಾ ಕೆ-ಸೆಟ್, ಅಂದರೆ ಉಪನ್ಯಾಸಕರ ರಾಷ್ಟ್ರ ಮಟ್ಟದ ಅಥವಾ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ ಪಾಸಾಗಬೇಕು. ಅಲ್ಲಿ ಯಾರೂ ನೀವು ಮೈಸೂರಿನ ಮಾನಸಗಂಗೋತ್ರಿಯವರಾ, ಜ್ಞಾನಭಾರತಿಯವರಾ ಅಂತ ಕೇಳುವುದಿಲ್ಲ. ಆದರೆ ನೆಟ್ ಪಾಸಾಗುವಷ್ಟು ವಿಷಯ ತಲೆಗೆ ಹತ್ತಿರಬೇಕಲ್ಲ, ಅದು ವಿಭಾಗದ ಕೈಯಲ್ಲಿದೆ.

ನ್ಯಾಕ್ ಗ್ರೇಡ್, ಎನ್ಐಆರ್ಎಫ್ ರ‍್ಯಾಂಕ್ ಬಗ್ಗೆಯೂ ಕೇಳುತ್ತೀರಿ. ಮೊದಲನೆಯದು ಸಂಸ್ಥೆಯ ಗುಣಮಟ್ಟ ನೋಡಿ ಕೊಡುವ ದರ್ಜೆ, ಎರಡನೆಯದು ಕೇಂದ್ರ ಸರ್ಕಾರದ ಶ್ರೇಯಾಂಕ ಪಟ್ಟಿ. ನೋಡಿ, ಬೇಡ ಅನ್ನುವುದಿಲ್ಲ. 2024ರಿಂದ ಎನ್ಐಆರ್ಎಫ್‌ನಲ್ಲಿ ರಾಜ್ಯ ಸಾರ್ವಜನಿಕ ವಿಶ್ವವಿದ್ಯಾಲಯಗಳಿಗೇ ಬೇರೆ ಪಟ್ಟಿ ಬಂದಿದೆ, ಅದು ಒಳ್ಳೆಯದೇ. ಆದರೆ ಅಂಕ ಕೊಡುವುದು ಇಡೀ ಸಂಸ್ಥೆಗೆ. ನಲವತ್ತು ವಿಭಾಗ ಇರುವ ಕಡೆ ನಾಲ್ಕು ವಿಭಾಗ ಚೆನ್ನಾಗಿ ಸಂಶೋಧನೆ ಮಾಡಿದರೂ ಒಟ್ಟು ಅಂಕ ಮೇಲೆ ಹೋಗುತ್ತದೆ. ನಿಮ್ಮದು ಆ ನಾಲ್ಕರಲ್ಲಿ ಒಂದಾ, ಉಳಿದ ಮೂವತ್ತಾರರಲ್ಲಿ ಒಂದಾ? ಪಟ್ಟಿ ಹೇಳುವುದಿಲ್ಲ.

ಹಾಗಾದರೆ ತಿಳಿಯುವುದು ಹೇಗೆ? ಹೋಗಿ ನೋಡಬೇಕು. ನಾನು ಇವತ್ತು ಬಂದಿರುವುದೇ ಇದನ್ನು ಹೇಳಲು. ಶುಲ್ಕ ಕಟ್ಟುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು, ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ, ರಜೆ ಇಲ್ಲದ ದಿನ, ಆ ವಿಭಾಗಕ್ಕೆ ಹೋಗಿ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ. ಯಾರನ್ನೂ ಮೊದಲೇ ಕೇಳಬೇಕಿಲ್ಲ, ಸರ್ಕಾರಿ ವಿಶ್ವವಿದ್ಯಾಲಯ ಅದು, ನಿಮ್ಮದೇ.

ಮೊದಲು ನೋಟಿಸ್ ಬೋರ್ಡಿನ ಹತ್ತಿರ ನಿಲ್ಲಿ. ಟೈಮ್ ಟೇಬಲ್ ಅಂಟಿಸಿರುತ್ತಾರೆ. ಪ್ರತಿ ಪಿರಿಯಡ್ಡಿನ ಎದುರು ಮೇಷ್ಟ್ರ ಹೆಸರಿನ ಮೊದಲಕ್ಷರ ಇರುತ್ತದೆ, ಕೆಲವು ಕಡೆ ಬರೀ 'ಅತಿಥಿ' ಅಂತ ಇರುತ್ತದೆ. ಎಣಿಸಿ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಹುದ್ದೆಗಳು ವರ್ಷಗಟ್ಟಲೆ ಖಾಲಿ ಬಿದ್ದಿವೆ, ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಅತಿಥಿ ಉಪನ್ಯಾಸಕರು ಕಡಿಮೆಯವರು ಅಂತ ನಾನು ಖಂಡಿತ ಹೇಳುತ್ತಿಲ್ಲ. ನನಗೆ ಗೊತ್ತಿರುವ ಎಷ್ಟೋ ಒಳ್ಳೆಯ ಮೇಷ್ಟ್ರುಗಳು ಅವರೇ. ಕಡಿಮೆ ಸಂಬಳಕ್ಕೆ, ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಅನ್ನುವ ಚಿಂತೆಯಲ್ಲೇ ಅಷ್ಟು ಚೆನ್ನಾಗಿ ಪಾಠ ಮಾಡುತ್ತಾರೆ. ಅವರಿಗೆ ಆಗುತ್ತಿರುವ ಅನ್ಯಾಯ ನೆನೆದರೆ ಹೊಟ್ಟೆ ಉರಿಯುತ್ತದೆ. ಆದರೆ ನಿಮ್ಮ ಕಡೆಯಿಂದ ಯೋಚಿಸಿ. ಅವರ ನೇಮಕ ವರ್ಷ ವರ್ಷ ಆಗುತ್ತದೆ. ಆದೇಶ ತಡವಾದರೆ ಸೆಮಿಸ್ಟರ್ ಶುರುವಾಗಿಯೂ ಆ ಪೇಪರಿಗೆ ಪಾಠ ಇರುವುದಿಲ್ಲ. ಪ್ರಾಜೆಕ್ಟ್ ಶುರು ಮಾಡಿಸಿದವರು ಮುಗಿಯುವ ಹೊತ್ತಿಗೆ ಇರದೇ ಹೋಗಬಹುದು.

ಮುಂದೆ ಪಿಎಚ್.ಡಿ. ಮಾಡುವ ಆಸೆ ಇದ್ದವರಿಗೆ ಈ ಎಣಿಕೆ ಇನ್ನೂ ಮುಖ್ಯ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8 ಜನರಿಗೆ, ಸಹ ಪ್ರಾಧ್ಯಾಪಕರು 6 ಜನರಿಗೆ, ಸಹಾಯಕ ಪ್ರಾಧ್ಯಾಪಕರು 4 ಜನರಿಗೆ ಮಾತ್ರ ಗೈಡ್ ಆಗಬಹುದು. ಅದೂ ಕಾಯಂ ಆಗಿರುವವರು ಮಾತ್ರ. ಇಬ್ಬರೇ ಕಾಯಂ ಮೇಷ್ಟ್ರಿರುವ ವಿಭಾಗದಲ್ಲಿ ಎಷ್ಟು ಜಾಗ ಸಿಗಬಹುದು, ನೀವೇ ಲೆಕ್ಕ ಹಾಕಿ.

ಟೈಮ್ ಟೇಬಲ್ ಆಯಿತು. ವಿಜ್ಞಾನದ ಮಕ್ಕಳು ಆಮೇಲೆ ಲ್ಯಾಬಿಗೆ ಹೋಗಿ. ನನ್ನ ವಿಷಯದ ಉದಾಹರಣೆಯನ್ನೇ ಕೊಡುತ್ತೇನೆ. ರಸಾಯನಶಾಸ್ತ್ರದ ವಿಭಾಗದಲ್ಲಿ ಯುವಿ ಸ್ಪೆಕ್ಟ್ರೋಫೋಟೋಮೀಟರ್ ಅಂತ ಒಂದು ಯಂತ್ರ ಇರುತ್ತದೆ. ಕೇಳಿದರೆ ಎಲ್ಲರೂ 'ಇದೆ' ಅನ್ನುತ್ತಾರೆ. ಇದೆಯೋ ಇಲ್ಲವೋ ಅನ್ನುವುದು ಮುಖ್ಯವಲ್ಲ, ಓಡುತ್ತಿದೆಯಾ ನೋಡಿ. ಅದರ ಪಕ್ಕದಲ್ಲೇ ಒಂದು ಲಾಗ್ ಬುಕ್ ಇರುತ್ತದೆ, ಉದ್ದನೆಯ ರಿಜಿಸ್ಟರು. ಯಂತ್ರ ಬಳಸಿದವರು ತಾರೀಕು, ಹೆಸರು, ಯಾವ ಸ್ಯಾಂಪಲ್ಲು, ಎಷ್ಟು ಹೊತ್ತು ಅಂತ ಬರೆದು ಸಹಿ ಹಾಕಿರುತ್ತಾರೆ. ಅದರ ಕೊನೆಯ ಪುಟ ತೆರೆಯಿರಿ. ಕೊನೆಯ ಸಹಿ ಹೋದ ವಾರದ್ದಾದರೆ ಸಂತೋಷ. ಅದರಲ್ಲಿ ಎಂ.ಎಸ್ಸಿ. ಮಕ್ಕಳ ಹೆಸರೂ ಇದ್ದರೆ ಇನ್ನೂ ಸಂತೋಷ, ಯಂತ್ರವನ್ನು ಮಕ್ಕಳ ಕೈಗೂ ಕೊಡುತ್ತಾರೆ ಅಂತ ಅರ್ಥ. ಎರಡು ವರ್ಷದ ಹಿಂದಿನ ತಾರೀಕಿಗೇ ಪುಸ್ತಕ ನಿಂತಿದ್ದರೆ, ಪ್ಲಾಸ್ಟಿಕ್ ಕವರಿನ ಮೇಲೆ ಧೂಳು ಕೂತಿದ್ದರೆ, ನಿಮ್ಮ ಕಾಲದಲ್ಲೂ ಅದು ಹಾಗೇ ಇರುವ ಸಾಧ್ಯತೆ ಜಾಸ್ತಿ. ವಿಷಗಾಳಿ ಹೊರಹಾಕುವ ಫ್ಯೂಮ್ ಹುಡ್ಡಿನ ಫ್ಯಾನ್ ತಿರುಗುತ್ತಿದೆಯಾ, ಡಿಸ್ಟಿಲ್ಡ್ ವಾಟರ್ ಘಟಕ ಕೆಲಸ ಮಾಡುತ್ತಿದೆಯಾ, ಸಿಂಕಿನಲ್ಲಿ ನೀರು ಬರುತ್ತಿದೆಯಾ. ಲ್ಯಾಬ್ ಅಟೆಂಡರ್ ಜೊತೆ ಎರಡು ಮಾತಾಡಿ. ವಿಭಾಗದ ಬಗ್ಗೆ ಅವರಿಗೆ ಗೊತ್ತಿರುವಷ್ಟು ಮುಖ್ಯಸ್ಥರಿಗೂ ಗೊತ್ತಿರುವುದಿಲ್ಲ.

ಕನ್ನಡ, ಇತಿಹಾಸ, ಅರ್ಥಶಾಸ್ತ್ರ ಓದುವವರಿಗೆ ಲ್ಯಾಬ್ ಅಂದರೆ ಗ್ರಂಥಾಲಯ. ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ, ಕಪಾಟಿನ ಹತ್ತಿರ ನಿಮ್ಮನ್ನು ಬಿಡುತ್ತಾರಾ, ಭಾನುವಾರ ಓದುವ ಕೋಣೆ ಇರುತ್ತದಾ ಅಂತ ಕೇಳಿ. ಎರಡನೇ ವರ್ಷದ ಮಕ್ಕಳು ಕ್ಯಾಂಟೀನಿನಲ್ಲಿ ಸಿಗುತ್ತಾರೆ. ಅವರ ಹತ್ತಿರ ಕೇಳಬೇಕಾದ್ದು 'ಚೆನ್ನಾಗಿದೆಯಾ' ಅಂತ ಅಲ್ಲ. ಹೋದ ಸೆಮಿಸ್ಟರಿನ ಪರೀಕ್ಷೆ ಯಾವಾಗ ಆಯಿತು, ಫಲಿತಾಂಶ ಯಾವಾಗ ಬಂತು, ಅಂಕಪಟ್ಟಿ ಕೈಗೆ ಸಿಕ್ಕಿತಾ? ಈ ಮೂರು ತಾರೀಕು ಕೇಳಿ ಬರೆದುಕೊಳ್ಳಿ. ಫಲಿತಾಂಶ ತಡವಾಗಿ ಕೆಲಸಕ್ಕೆ ಸೇರುವ ಅವಕಾಶ ಕಳೆದುಕೊಂಡ ಮಕ್ಕಳನ್ನು ನಾನು ನೋಡಿದ್ದೇನೆ. ಅದು ಅವರ ತಪ್ಪಾಗಿರಲಿಲ್ಲ.

ಕೂತಲ್ಲೇ ಮಾಡಬಹುದಾದ ಕೆಲಸವೂ ಒಂದಿದೆ. 'ಶೋಧಗಂಗಾ' ಅಂತ ಒಂದು ಜಾಲತಾಣ, ಇನ್‌ಫ್ಲಿಬ್‌ನೆಟ್ ಅನ್ನುವ ಕೇಂದ್ರ ನಡೆಸುತ್ತದೆ. ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ವಿಶ್ವವಿದ್ಯಾಲಯ ಆರಿಸಿ, ವಿಭಾಗ ಆರಿಸಿ, ಕಳೆದ ನಾಲ್ಕೈದು ವರ್ಷದ ಪ್ರಬಂಧಗಳ ಹೆಸರು ಓದಿ. ಗೈಡ್ ಹೆಸರು ಅಲ್ಲೇ ಇರುತ್ತದೆ. ಯಾರು ಈಗಲೂ ಕೆಲಸ ಮಾಡುತ್ತಿದ್ದಾರೆ, ಯಾವ ವಿಷಯದಲ್ಲಿ, ಅರ್ಧ ಗಂಟೆಯಲ್ಲಿ ಒಂದು ಅಂದಾಜು ಸಿಗುತ್ತದೆ.

ಒಬ್ಬ ವಿದ್ಯಾರ್ಥಿನಿಯ ವಿಷಯ ಹೇಳುತ್ತೇನೆ. ಮನೆ ಕೆ.ಆರ್. ಪುರದ ಕಡೆ. ಭೌತಶಾಸ್ತ್ರದಲ್ಲಿ ಬೆಂಗಳೂರು, ಮೈಸೂರು, ಮಂಗಳೂರು ಮೂರೂ ಕಡೆ ಸೀಟು ಬಂತು. ಮನೆಯಲ್ಲಿ ಬೆಂಗಳೂರೇ ಅಂತ ತೀರ್ಮಾನ ಆಗಿತ್ತು. ಅವಳಿಗೆ ವಿಕಿರಣದ ವಿಷಯ ಅಂದರೆ ಪ್ರಾಣ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಮೈಕ್ರೋಟ್ರಾನ್ ಕೇಂದ್ರ ಅಂತ ಇದೆ, ಎಲೆಕ್ಟ್ರಾನ್‌ಗಳಿಗೆ ವೇಗ ಕೊಡುವ ಯಂತ್ರ ಅಲ್ಲಿದೆ. ಹುಡುಗಿ ಅಪ್ಪನನ್ನು ಕರೆದುಕೊಂಡು ರಾತ್ರಿ ಬಸ್ಸಿಗೆ ಹೋದಳು. ಅಪ್ಪ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ವಾಪಸ್ ಬಂದವರು ನನಗೆ ಫೋನ್ ಮಾಡಿದರು. "ಮೇಡಂ, ಅದೇನು ಮಿಷಿನ್ನೋ ನಂಗೆ ಅರ್ಥ ಆಗ್ಲಿಲ್ಲ. ಆದ್ರೆ ಅಲ್ಲಿದ್ದ ಮೇಷ್ಟ್ರು ನನ್ನ ಮಗಳ ಜೊತೆ ಒಂದು ಗಂಟೆ ಮಾತಾಡಿದ್ರು. ಹಾಸ್ಟೆಲ್ಲೂ ನೋಡ್ದೆ. ಅಲ್ಲಿಗೇ ಹೋಗ್ಲಿ." ಅವಳು ಕೊಣಾಜೆಗೆ ಸೇರಿದಳು. ಎಲ್ಲರೂ ಮಂಗಳೂರಿಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಅವರಿಬ್ಬರೂ ನೋಡಿ ತೀರ್ಮಾನ ಮಾಡಿದರು, ಅದಕ್ಕೇ ಹೇಳಿದೆ.

ಬೆಂಗಳೂರಿನಲ್ಲೇ ಉಳಿಯುವವರಿಗೂ ಒಳ್ಳೆಯ ಕಾರಣಗಳಿರುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಎಲ್ಲ ಇಲ್ಲೇ ಇವೆ. ಸಾರ್ವಜನಿಕ ಉಪನ್ಯಾಸಗಳಿಗೆ ಯಾರು ಬೇಕಾದರೂ ಹೋಗಬಹುದು. ವಿಭಾಗದ ಮೇಷ್ಟ್ರಿಗೆ ಅಲ್ಲಿ ಪರಿಚಯ ಇದ್ದರೆ ಪ್ರಾಜೆಕ್ಟಿಗೂ ದಾರಿಯಾಗುತ್ತದೆ. ಎಂ.ಕಾಂ. ಮಕ್ಕಳಿಗೆ ಅರ್ಧ ದಿನದ ಕೆಲಸ, ಇಂಟರ್ನ್‌ಶಿಪ್ ಇಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ.

ಆದರೆ 'ಮನೆಯಿಂದ ಓಡಾಡಿದರೆ ಖರ್ಚಿಲ್ಲ' ಅನ್ನುವ ಲೆಕ್ಕವನ್ನು ದಯವಿಟ್ಟು ಇನ್ನೊಂದು ಸಲ ಹಾಕಿ. 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡಿನಿಂದ ಜ್ಞಾನಭಾರತಿ ನಿಲ್ದಾಣಕ್ಕೆ ಒಂದೇ ಮೆಟ್ರೋದಲ್ಲಿ ಬರಬಹುದು, ನಿಜ. ಆದರೆ ಆ ಕ್ಯಾಂಪಸ್ ಸಾವಿರ ಎಕರೆಗೂ ಜಾಸ್ತಿ ಇದೆ. ನಿಲ್ದಾಣದಿಂದ ವಿಭಾಗ ತಲುಪುವುದೇ ಒಂದು ಪ್ರಯಾಣ. ಹೋಗಿ ಬರಲು ದಿನಕ್ಕೆ ಮೂರು ಗಂಟೆ ಹೋಯಿತು ಅಂದರೆ ವಾರಕ್ಕೆ ಹದಿನೆಂಟು ಗಂಟೆ. 2025ರ ಫೆಬ್ರವರಿಯಲ್ಲಿ ಮೆಟ್ರೋ ದರವೂ ಏರಿತು. ಸಂಜೆ ಲ್ಯಾಬಿನಲ್ಲಿ ಪ್ರಯೋಗ ಅರ್ಧ ಆಗಿರುವಾಗ 'ಮ್ಯಾಮ್, ನಮ್ಮ ಏರಿಯಾಗೆ ಬಸ್ಸಿಲ್ಲ' ಅಂತ ಎದ್ದು ಹೋಗುವ ಮಕ್ಕಳನ್ನು ನೋಡಿದರೆ ಸಂಕಟವಾಗುತ್ತದೆ. ಕ್ಯಾಂಪಸ್ಸಿನ ಹಾಸ್ಟೆಲಿನಲ್ಲಿ ಇದ್ದವರಿಗೆ ಆ ಹೊತ್ತು ಓದಿಗೆ ಸಿಗುತ್ತದೆ. ಬೆಂಗಳೂರಿನ ಸೀಟೇ ಸರಿ ಅನಿಸಿದರೂ, ದೂರದವರು ಹಾಸ್ಟೆಲಿಗೆ ಅರ್ಜಿ ಹಾಕಲು ನಾಚಿಕೆ ಪಡಬೇಡಿ.

ಹಾಸ್ಟೆಲ್ ಅಂದರೆ ವಿಶ್ವವಿದ್ಯಾಲಯದ್ದು ಒಂದೇ ಅಲ್ಲ. ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಗಳ ಹಾಸ್ಟೆಲುಗಳಿಗೆ ಬೇರೆ ಅರ್ಜಿ. ಹಿಂದುಳಿದ ವರ್ಗದವರಿಗೆ ಅಲ್ಲೂ ಜಾಗ ಸಿಗದಿದ್ದರೆ ಊಟ ವಸತಿಗೆ ದುಡ್ಡು ಕೊಡುವ ವಿದ್ಯಾಸಿರಿ ಯೋಜನೆ ಇದೆ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ಅಂತ ಇವತ್ತೇ ತೆಗೆದು ನೋಡಿ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆ. ಮೈಸೂರಿನಲ್ಲಿ ಓದುವ ಮಗಳು ಶನಿವಾರ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಮನೆಗೆ ಬಂದು ಹೋಗಲು ಟಿಕೆಟ್ ದುಡ್ಡು ಬೇಕಿಲ್ಲ. ಎಷ್ಟೋ ಮನೆಗಳಲ್ಲಿ ಇದೊಂದೇ ಕಾರಣಕ್ಕೆ ಹೊರಗಿನ ಊರಿಗೆ ಕಳಿಸಲು ಧೈರ್ಯ ಬಂದಿದೆ. 'ಗಂಡು ಮಗ ಆದರೆ ಕಳಿಸಬಹುದಿತ್ತು' ಅನ್ನುವ ಅಮ್ಮಂದಿರೇ, ನಿಮ್ಮ ಮಗಳು ಅಂಕದಲ್ಲಿ ಮೇಲಿದ್ದಾಳೆ ಅಂತಲೇ ಅಲ್ವಾ ಎರಡು ಕಡೆ ಸೀಟು ಸಿಕ್ಕಿದ್ದು. ಅವಳ ಮಾತೂ ಕೇಳಿ.

ಹೊಸ ವಿಶ್ವವಿದ್ಯಾಲಯಗಳ ಬಗ್ಗೆ ಒಂದು ಮಾತು. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪ ಸಮಿತಿಯೊಂದು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಶಿಫಾರಸು ಮಾಡಿತ್ತು. ಅಂಥ ಕಡೆ ಸೀಟು ಸಿಕ್ಕವರು ಗಾಬರಿಯಾಗಬೇಡಿ, ಓದಿದ್ದು ವ್ಯರ್ಥವಾಗುವುದಿಲ್ಲ. ಅಂಕಪಟ್ಟಿಯ ಮೇಲೆ ಯಾವ ಹೆಸರು ಬರುತ್ತದೆ ಅಂತ ಕುಲಸಚಿವರ ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳಿ. ಹಾಗೆಯೇ, ನಿಮ್ಮ ಸೀಟು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಾ, ಅದರಡಿ ಬರುವ ಕಾಲೇಜಿನಲ್ಲಾ ಅಂತಲೂ ಪತ್ರದಲ್ಲಿ ಸರಿಯಾಗಿ ಓದಿ. ಪದವಿ ಒಂದೇ ಆದರೂ ಲ್ಯಾಬು, ಶುಲ್ಕ ಎರಡೂ ಬೇರೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಹಿಂದಿನ ಸಾಲಿನಲ್ಲಿದ್ದ ತಂದೆಯೊಬ್ಬರು ಕೇಳಿದರು: "ಮೇಡಂ, ನೋಡಿ ಬರೋ ಅಷ್ಟರಲ್ಲಿ ಕೊನೆ ದಿನ ಮುಗಿದುಹೋದ್ರೆ? ಮೊದಲು ಒಂದು ಕಡೆ ದುಡ್ಡು ಕಟ್ಟಿಬಿಡೋದಾ?"

ಕಟ್ಟಬಹುದು. ಬಸ್ಸಿನ ಸೀಟಿಗೆ ಕರ್ಚೀಫ್ ಹಾಕಿದ ಹಾಗೆ ಅದು, ತಪ್ಪೇನಿಲ್ಲ. ಆದರೆ ದುಡ್ಡು ವಾಪಸ್ ಪಡೆಯುವ ನಿಯಮ ಗೊತ್ತಿರಲಿ. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ, ಪ್ರವೇಶದ ಕೊನೆಯ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕಿಂತ ಮೊದಲು ರದ್ದು ಮಾಡಿದರೆ ಪೂರ್ತಿ ಶುಲ್ಕ ವಾಪಸ್, ಸ್ವಲ್ಪ ಸಂಸ್ಕರಣಾ ವೆಚ್ಚ ಮಾತ್ರ ಹಿಡಿಯಬಹುದು. ಕೊನೆಯ ದಿನಕ್ಕೆ ಹದಿನೈದು ದಿನಕ್ಕಿಂತ ಕಡಿಮೆ ಇರುವಾಗ ರದ್ದು ಮಾಡಿದರೆ ಶೇಕಡಾ 90. ಕೊನೆಯ ದಿನ ಕಳೆದು ಹದಿನೈದು ದಿನದವರೆಗೆ 80, ಮೂವತ್ತು ದಿನದವರೆಗೆ 50. ಆಮೇಲೆ ಏನೂ ಇಲ್ಲ. ಈಚೆಗೆ ಯುಜಿಸಿ ಇನ್ನೂ ಸಡಿಲ ಮಾಡಿ ಆಯಾ ವರ್ಷಕ್ಕೆ ಬೇರೆ ಸುತ್ತೋಲೆ ಹೊರಡಿಸಿದ್ದೂ ಇದೆ. 2024–25ರಲ್ಲಿ ಸೆಪ್ಟೆಂಬರ್ 30ರವರೆಗೆ ಪೂರ್ತಿ ವಾಪಸ್, ಅಕ್ಟೋಬರ್ 31ರವರೆಗೆ ಹೆಚ್ಚೆಂದರೆ 1,000 ರೂಪಾಯಿ ಕಡಿತ ಅಂತ ಇತ್ತು. ಈ ವರ್ಷದ್ದು ಬಂದಿದೆಯಾ ನೋಡಿ, ಪ್ರಿಂಟ್ ತೆಗೆದು ಜೊತೆಯಲ್ಲಿ ಇಟ್ಟುಕೊಳ್ಳಿ. ಇನ್ನೊಂದು, ಮೂಲ ಅಂಕಪಟ್ಟಿಗಳನ್ನು ಅವರು ಪರಿಶೀಲಿಸಿ ನಿಮ್ಮ ಕೈಗೇ ವಾಪಸ್ ಕೊಡಬೇಕು, ಇಟ್ಟುಕೊಳ್ಳುವ ಹಾಗಿಲ್ಲ. ಅದೂ ಅದೇ ಅಧಿಸೂಚನೆಯಲ್ಲಿದೆ. 'ಇಟ್ಟು ಹೋಗಿ' ಅಂದರೆ ಮರ್ಯಾದೆಯಿಂದಲೇ ಅದನ್ನು ತೋರಿಸಿ.

ಮುಂದಿನ ಸಾಲಿನ ಹುಡುಗನೊಬ್ಬ ಕೇಳಿದ: "ನಾನು ಬೆಂಗಳೂರು ಯೂನಿವರ್ಸಿಟಿಯಲ್ಲಿ ಬಿ.ಎಸ್ಸಿ. ಮುಗಿಸಿ ಮೈಸೂರಿಗೆ ಹೋಗ್ತಿದ್ದೀನಿ ಮ್ಯಾಮ್. ಬೇರೆ ಏನಾದ್ರೂ ಕಾಗದ ಬೇಕಾ?"

ಬೇಕಪ್ಪ. ವಲಸೆ ಪ್ರಮಾಣಪತ್ರ ಬೇಕು, ಮೈಗ್ರೇಷನ್ ಅಂತಾರಲ್ಲ ಅದು. ಓದಿದ ವಿಶ್ವವಿದ್ಯಾಲಯ ಕೊಡುತ್ತದೆ, ಕಾಲೇಜು ಕೊಡುವುದಿಲ್ಲ. ಕಾಲೇಜಿನಿಂದ ವರ್ಗಾವಣೆ ಪತ್ರ ಮಾತ್ರ ಸಿಗುತ್ತದೆ. ಎರಡನ್ನೂ ಒಂದೇ ಅಂದುಕೊಂಡು ಕೊನೆಯ ದಿನ ಓಡಾಡುವವರು ಪ್ರತಿ ವರ್ಷ ಇರುತ್ತಾರೆ. ನಾಳೆ ಸೋಮವಾರ ಅಲ್ವಾ, ಬೆಳಿಗ್ಗೆಯೇ ಅರ್ಜಿ ಹಾಕು. ಬರುವುದು ತಡ ಅಂತಾದರೆ ಅರ್ಜಿಯ ರಸೀದಿ ತೋರಿಸಿ, ತಂದುಕೊಡಲು ಸಮಯ ಕೊಡುತ್ತಾರಾ ಅಂತ ಮೈಸೂರಿನ ವಿಭಾಗದಲ್ಲಿ ಮೊದಲೇ ಕೇಳಿಕೋ. ಹೇಗೂ ನೋಡಲು ಹೋಗುತ್ತೀಯಲ್ಲ, ಅವತ್ತೇ ಕೇಳು.